ಹದಿನೈದು ಗಾಜಿನ ಕಿಟಕಿ

ಬಂಗಲೆಯ ಬಾಗಿಲೆತ್ತರದ ಕಿಟಕಿ ತನ್ನ ಪರದೆಯೆದುರು ಬೀಗುತ್ತಿತ್ತು: "ಪಕ್ಕದ ಮನೆಯ ಕಿಟಕಿಗೆ ಒಂದೇ ಗಾಜು. ನನಗೆ ಹದಿನೈದು! ನಾನೊಬ್ಬಳೇ ಹದಿನೈದು ಕಿಟಕಿಗೆ ಸಮ."

ಅಷ್ಟರಲ್ಲಿ ಒರೆಸುವ ಬಟ್ಟೆ ಬಂದು, ಗಾಜಿಗಿಷ್ಟು ಎಂದು ಕೂಲಿ ಕೇಳಿತು.

"ಇದೇನು ಸುಲಿಗೆ? ನಾನಿರುವುದು ಒಂದೇ ಕಿಟಕಿ. ಪಕ್ಕದ ಮನೆಯವಳು ಕೊಟ್ಟಷ್ಟೇ ಕೊಡುತ್ತೇನೆ," ಎಂದು ಕಿಟಕಿ ಸಿಡುಕಿತು.

ಬಟ್ಟೆಗೆ ಮೈಯೆಲ್ಲ ಉರಿಯಿತು. "ಒಂದೊಂದು ಗಾಜಿಗೂ ನಾಲ್ಕು ಮೂಲೆ, ಒಂದೊಂದು ಮೂಲೆಯಲ್ಲೂ ಕೊಳೆ. ಜಂಭಕ್ಕೆ ಹದಿನೈದು, ಕೂಲಿಗೆ ಮಾತ್ರ ಒಂದೇ? ಹಾಗಾದರೆ ಒಂದೇ ಆಗಲಿ!"

ಅದು ನಡುವಿನ ಒಂದು ಗಾಜನ್ನು ಮಾತ್ರ ಫಳಫಳ ಹೊಳೆಯುವಂತೆ ಒರೆಸಿ ಹೊರಟುಹೋಯಿತು.

ಬಿಸಿಲು ಬಿದ್ದಾಗ, ಹೊಳೆಯುವ ಆ ಗಾಜಿನ ಪಕ್ಕದಲ್ಲಿ ಉಳಿದವುಗಳ ಕೊಳೆ ಇಡೀ ಬೀದಿಗೆ ಕಂಡಿತು.

"ಅಕ್ಕಾ, ಬೇಗ ನನ್ನನ್ನು ಮುಚ್ಚು!" ಎಂದು ಕಿಟಕಿ ಗೋಗರೆಯಿತು.

ಪರದೆ ಕದಲಲಿಲ್ಲ. "ಹದಿನೈದು ಕಿಟಕಿ ಮುಚ್ಚಲು ನಾನೊಬ್ಬಳು ಎಲ್ಲಿ ಸಾಲುತ್ತೇನಮ್ಮ?"