ಅಕ್ಕಿ ಸೇರದ ಇಲಿ

ಅಕ್ಕಿ ಮಂಡಿಯ ಇಲಿಗಳ ನಡುವೆ ಬೆಳೆದ ಸುಂಡಿಲಿಗೆ ಅಕ್ಕಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಗೋಡೆ ಬಿಟ್ಟು ನಡೆದರೆ ಎದೆ ಡವಗುಟ್ಟುತ್ತಿತ್ತು. "ಮನಸ್ಸು ಮಾಡಿದರೆ ನೀನೂ ನಮ್ಮಂತಾಗುತ್ತೀಯೆ" ಎಂದು ಮುದಿ ಇಲಿ ದಿನಾ ಬುದ್ಧಿ ಹೇಳುತ್ತಿತ್ತು. ಮನಸ್ಸು ಮಾಡಿ ಮಾಡಿ ಸುಂಡಿಲಿ ಸೊರಗಿ ಕಡ್ಡಿಯಾಯಿತು. ಕೊನೆಗೊಂದು ದಿನ ಅಂಜುತ್ತಲೇ, "ಅಜ್ಜ, ನಾನು ಇಲಿಯೇ ಅಲ್ಲ, ಗೋಡೆಗುಂಟ ಓಡಿ ಹುಳಹುಪ್ಪಟೆ ತಿನ್ನುವ ಸುಂಡಿಲಿಯೇನೋ ಅನ್ನಿಸುತ್ತಿದೆ" ಎಂದಿತು. ತಕ್ಷಣ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯವೆಂದು ಇಲಿಗಳಿಗೂ ಗೊತ್ತು.

"ಅಯ್ಯೋ ಪಾಪ, ಈಗೇನು ಮಾಡುತ್ತೀಯೆ?" ಎಂದು ಮುದಿ ಇಲಿ ಮರುಗಿತು.

"ಮೊದಲು ಹೊಟ್ಟೆ ತುಂಬ ಊಟ ಮಾಡುತ್ತೇನೆ" ಎಂದ ಸುಂಡಿಲಿ, ಗೋಡೆಗುಂಟ ಸರಸರನೆ ಓಡಿ ದಪ್ಪನೆಯ ಜಿರಲೆಯೊಂದನ್ನು ಹಿಡಿಯಿತು. "ಇಷ್ಟು ದಿನ ಕೆಲಸಕ್ಕೆ ಬಾರದ ಇಲಿ ಅಂದುಕೊಂಡು ಕೊರಗಿದೆ, ಅಜ್ಜ. ನೋಡಿದರೆ ನಾನು ಅಪ್ಪಟ ಸುಂಡಿಲಿ."