ನಕ್ಕರೆ ಬೇಯುವ ಹೀರೇಕಾಯಿಯ ಮೂರನೇ ಸರ

ಒಂದಾನೊಂದು ಊರಿನಲ್ಲಿ ತುಂಗವ್ವ ಅಂತ ಒಬ್ಬಳಿದ್ದಳು. ಊರಿಗೂ ಹೆಸರಿತ್ತು, ಆದರೆ ಈ ಕತೆಗೆ ಅದು ಬೇಡ. ತುಂಗವ್ವ ಬೇಕು. ಅವಳು ಹಿತ್ತಲಲ್ಲಿ ಒಂದು ಹೊಸ ಹೀರೇಕಾಯಿ ಬೆಳೆದಳು. ಹೊಸದು ಅಂದರೆ ಎಳೆಯದು ಅಂತಲ್ಲ, ಅದಕ್ಕೆ ಮುಂಚೆ ಲೋಕದಲ್ಲೇ ಇರದಿದ್ದದ್ದು. ಅದನ್ನು ನಗಿಸಿದರೆ ಸಾಕು, ತಾನೇ ಬೇಯುತ್ತಿತ್ತು. ಒಲೆ ಬೇಡ, ಸೌದೆ ಬೇಡ. ಉಪ್ಪು ಮಾತ್ರ ಬೇಕು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪಕ್ಕದ ರಾಜ್ಯದ ಅಡುಗೆಯವನು ಭರಮಪ್ಪ ಒಮ್ಮೆ ಆ ಪಲ್ಯ ಉಂಡು ಹೋದ. ಹೋದವನೇ, "ಈ ಕಾಯಿ ಹುಟ್ಟಿಸಿದವನು ನಾನೇ" ಅಂತ ಸಾರಿದ. ಯಾವ ಹೊಸ ವಸ್ತು ಯಾರದು ಅಂತ ತೀರ್ಮಾನಿಸುವ ಸರ್ವರಾಜ್ಯ ಕಚೇರಿಯ ಮುದ್ರೆ ಅವನಿಗೆ ಸಿಕ್ಕರೆ ಮುಗಿಯಿತು. ತುಂಗವ್ವ ತನ್ನ ಅಡುಗೆಮನೆಯಲ್ಲಿ ನಗಬೇಕಾದರೂ ಅವನ ಅಪ್ಪಣೆ ಕೇಳಬೇಕು. ಊಟವಿಲ್ಲದಿದ್ದರೂ ಅವಳಿಗೆ ನಡೆಯುತ್ತಿತ್ತು, ನಗದಿದ್ದರೆ ನಡೆಯುತ್ತಿರಲಿಲ್ಲ. ಆದ್ದರಿಂದ ಅವಳೂ ಕಚೇರಿಗೆ ಹೊರಟಳು.

ಆ ಕಚೇರಿಯಲ್ಲಿ ಎಲ್ಲ ರಾಜ್ಯಗಳ ಹಕ್ಕನ್ನೂ ಒಟ್ಟಿಗೆ ಕೇಳಬಹುದಿತ್ತು. ಅಲ್ಲಿ ಕೂತಿದ್ದವನು ಸರಮಲ್ಲ ಮಹಾರಾಜ. ಅವನಿಗೆ ಮಣಿಸರದ ಹುಚ್ಚು.

"ಕಾಯಿಯ ಒಳಗಿನ ಮಣಿಗಳನ್ನು ವರಸೆ ತಪ್ಪದೆ ಪೋಣಿಸಿ ತನ್ನಿ," ಅಂದ ಇಬ್ಬರಿಗೂ.

ಇಲ್ಲಿ ಸ್ವಲ್ಪ ವಿವರಿಸಬೇಕು. ಪ್ರತಿ ಜೀವದ ಒಳಗೂ ನಾಲ್ಕೇ ಬಗೆಯ ಮಣಿಗಳಿರುತ್ತವೆ. ಒಂದು ವರಸೆಯಲ್ಲಿದ್ದರೆ ಅವು ಹೀರೇಕಾಯಿ, ಇನ್ನೊಂದು ವರಸೆಯಲ್ಲಿದ್ದರೆ ನರಿ. ನಡುವೆ ಒಂದು ಮಣಿ ಹೆಚ್ಚುಕಡಿಮೆಯಾದರೆ ಕಾಯಿ ಊಳಿಡುತ್ತದೆ.

"ಕಾಗದದಲ್ಲಿ ಬರೆದು ಕೊಟ್ಟರೆ ಆಗದಾ, ಒಡೆಯಾ?" ಅಂದಳು ತುಂಗವ್ವ.

"ಆಗದು. ಓದಿದರೆ ನನಗೆ ನಿದ್ದೆ ಬರುತ್ತದೆ. ಸರವೇ ಬೇಕು, ನಾಳೆಯೇ ಬೇಕು."

ತುಂಗವ್ವ ಮನೆಗೆ ಬಂದು ಕಾಯಿಯನ್ನೇ ಕೇಳಿದಳು. ಕಾಯಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ? ಅದು "ಕೆಂಪು, ಬಿಳಿ, ಬಿಳಿ, ಹಸಿರು, ನೀಲಿ" ಅಂತ ಹೇಳುತ್ತಾ ಹೋಯಿತು. ಅವಳು ಪೋಣಿಸುತ್ತಾ ಹೋದಳು. ಮೊದಲನೆಯದು ಸಿಪ್ಪೆಯ ಸರ. ಎರಡನೆಯದು ಏಣಿನ ಸರ. ಮೂರನೆಯದು ನಗುವಿನ ಸರ. ಅದನ್ನು ಹೇಳಹೊರಟ ಕಾಯಿ "ಕೆಂಪು, ಕೆಂಪು" ಅನ್ನುತ್ತಲೇ ಕಿಸಕ್ಕನೆ ನಕ್ಕಿತು. ಬೆಂದಿತು. ಬೆಂದ ಕಾಯಿ ಮಾತಾಡುವುದಿಲ್ಲ. ಇನ್ನೊಂದನ್ನು ಕೇಳಿದಳು. ಅದೂ ನಕ್ಕಿತು, ಅದೂ ಬೆಂದಿತು. ಮತ್ತೊಂದೂ ಹಾಗೇ. ಊರಿಗೆಲ್ಲ ಪಲ್ಯವಾಯಿತು, ಮೂರನೇ ಸರ ಆಗಲಿಲ್ಲ.

"ನನ್ನನ್ನು ನಗುವಿನ ವಿಷಯ ಕೇಳಬೇಡ ತಾಯಿ," ಅಂದಿತು ಉಳಿದ ಒಂದೇ ಕಾಯಿ. "ಬೀಜದ ಸರ ಹೇಳ್ತೀನಿ, ಅದು ನಾಲ್ಕನೇದು. ನಾನೂ ಬೆಂದರೆ ನಾಳೆ ಸಾಕ್ಷಿಗೆ ಯಾರು ಬರ್ತಾರೆ?"

ಮರುದಿನ ತುಂಗವ್ವ ಸರಗಳನ್ನೂ ಆ ಕಾಯಿಯನ್ನೂ ಕಚೇರಿಗೆ ತಂದಳು. ಮಹಾರಾಜ ಎಣಿಸಿದ. "ಒಂದು, ಎರಡು, ನಾಲ್ಕು. ಮೂರೆಲ್ಲಿ?"

"ಬೆಂದುಹೋಯ್ತು, ಒಡೆಯಾ."

"ಹಾಗಾದರೆ ಅದರ ಜಾಗಕ್ಕೆ ಖಾಲಿ ದಾರ ಕಟ್ಟು. ಇಲ್ಲದಿದ್ದರೆ ನಾಲ್ಕನೆಯದು ತಾನೇ ಮೂರನೆಯದು ಅಂದುಕೊಂಡು ಮೆರೆಯುತ್ತದೆ."

ತುಂಗವ್ವ ಖಾಲಿ ದಾರ ಕಟ್ಟಿದಳು. ಭರಮಪ್ಪ ನಾಲ್ಕೂ ಸರ ತಂದಿದ್ದ, ಎಲ್ಲವೂ ಫಳಫಳ.

"ಏನವ್ವ, ಬರೀ ದಾರ ತಂದಿದ್ದೀ," ಅಂದ. "ಎಲೆ ಹಾಕಿ, ಊಟ ನಾಳೆ ಅಂದ ಹಾಗಾಯ್ತು."

"ನಿನ್ನ ನಗುವಿನ ಸರವನ್ನು ಕಾಯಿಯ ಮುಂದೆ ಹೇಳು," ಅಂದ ಮಹಾರಾಜ. "ವರಸೆ ನಿಜವಾದರೆ ಅದು ನಗಲೇಬೇಕು."

ಭರಮಪ್ಪ "ನೀಲಿ, ನೀಲಿ, ಹಸಿರು" ಅಂತ ಕೊನೆತನಕ ಹೇಳಿದ. ಕಾಯಿ ಆಕಳಿಸಿತು.

"ಇದು ನನ್ನದಲ್ಲ," ಅಂದಿತು. "ಯಾವುದೋ ಹಾಗಲಕಾಯಿದು."

ಆದರೆ ಒಬ್ಬರ ಸರ ನೋಡಿ ಇನ್ನೊಬ್ಬರದು ಬಿಟ್ಟರೆ ನ್ಯಾಯವಲ್ಲ. ಮಹಾರಾಜ ಕನ್ನಡಕ ಹಾಕಿಕೊಂಡ. ಖಾಲಿ ದಾರವನ್ನು ಎತ್ತಿ ಹಿಡಿದ. ಗಂಭೀರವಾಗಿ ಬೆರಳು ಸರಿಸುತ್ತಾ ಹೋದ.

"ಇಲ್ಲೊಂದು ಇಲ್ಲ. ಇಲ್ಲೂ ಒಂದು ಇಲ್ಲ. ಇದರ ಪಕ್ಕದಲ್ಲಿ ಇಲ್ಲದ್ದು ಮಾತ್ರ ಸ್ವಲ್ಪ ದಪ್ಪ."

ಕಾಯಿ ಉಸಿರು ಬಿಗಿಹಿಡಿಯಿತು. ಅದರ ಏಣುಗಳು ನಡುಗಿದವು. ತಡೆಯಲಾರದೆ ನಕ್ಕೇಬಿಟ್ಟಿತು. ಕಚೇರಿಯ ತುಂಬ ಘಮಘಮ ಹಬೆ ಎದ್ದಿತು.

"ವರಸೆ ಸರಿಯಾಗಿದೆ," ಅಂದು ಮಹಾರಾಜ ತುಂಗವ್ವನಿಗೆ ಮುದ್ರೆ ಒತ್ತಿದ. "ಉಪ್ಪು ಯಾರ ಹತ್ತಿರ ಇದೆ?"

ತುಂಗವ್ವನ ಸೆರಗಿನ ಗಂಟಿನಲ್ಲಿತ್ತು.

ಅವಳು ಮನೆಗೆ ಬರುವಷ್ಟರಲ್ಲಿ ಬಳ್ಳಿಯಲ್ಲಿ ಹೊಸ ಹೀಚು ಬಿಟ್ಟಿತ್ತು. ಈಗ ಭರಮಪ್ಪನೇ ಬೇಲಿಯಾಚೆ ನಿಂತು ಕೇಳುತ್ತಾನೆ. "ತುಂಗವ್ವ, ಇವತ್ತು ಸ್ವಲ್ಪ ನಗಲಾ?"

"ನಗಪ್ಪ. ಮೆಲ್ಲಗೆ ನಗು, ಜೋರಾದರೆ ತಳ ಹಿಡಿಯುತ್ತೆ."

ನೀತಿ ಇಷ್ಟೇ: ಇಲ್ಲದ್ದನ್ನು ಕೊಡುವಾಗಲೂ ಅದರ ಜಾಗದಲ್ಲೇ ಕೊಡಬೇಕು. ನೀವು ನಕ್ಕಿದ್ದರೆ ಕತೆ ಬೆಂದಿತು. ನಗದಿದ್ದರೆ ಎದ್ದು ಸೌದೆ ತನ್ನಿ.