ಸ್ವಾಮಿಗಳು ಸೋದರಮಾವನಾದ ಬಗೆ

ಇಲ್ಲಿ ಬರೆದದ್ದೆಲ್ಲ ಅಕ್ಷರಶಃ ಸತ್ಯ. ನನ್ನ ತಲೆ ಮುಟ್ಟಿ ಆಣೆ ಮಾಡುತ್ತೇನೆ. ಕೂದಲಿದ್ದ ಕಾಲದಲ್ಲಿ ಆ ಆಣೆಗೆ ಇನ್ನೂ ಹೆಚ್ಚು ಬೆಲೆಯಿತ್ತು.

ಯಲ್ಲಾಪುರದ ಕಡೆಯ ಕಾಡಿನಲ್ಲಿ ಸಿದ್ದಿ ಜನರ ಒಂದು ಕೇರಿ. ಅದರ ಹೊರಗೊಂದು ಹುಲ್ಲಿನ ಗುಡಿಸಲಲ್ಲಿ ಪೂಜ್ಯ ನಿಸ್ಸಂಗಸ್ವಾಮಿಗಳು ವಾಸವಾಗಿದ್ದರು. ಒಂದು ಚಾಪೆ, ಒಂದು ಗಡಿಗೆ, ಅಷ್ಟೇ ಮಠ. ಯಾರಾದರೂ ಬಾಯ್ತಪ್ಪಿ ‘ಅಜ್ಜಾ’ ಎಂದರೆ, “ನೆಂಟಸ್ತನವೆಲ್ಲ ಬಿಟ್ಟು ಬಂದವನಪ್ಪ ನಾನು” ಎಂದು ನಗುತ್ತಿದ್ದರು. ಗೃಹಸ್ಥರ ಅಂಗಳವನ್ನೂ ತುಳಿದವರಲ್ಲ.

ಸಿದ್ದಿಯರ ಹಿರಿಯರು ಆಫ್ರಿಕದಿಂದ ಕಡಲು ದಾಟಿ ಬಂದವರು. ನೆಂಟರನ್ನೆಲ್ಲ ಆಚೆ ದಡದಲ್ಲೇ ಕಳೆದುಕೊಂಡವರ ಮಕ್ಕಳಿಗೆ ನೆಂಟಸ್ತನವೆಂದರೆ ಪ್ರಾಣ. ಆ ಕೇರಿಯಲ್ಲಿ ಕೂಸಿನ ಮೈಗೆ ಮೊದಲ ಸಲ ಸೂಜಿಯೋ ಕತ್ತಿಯೋ, ಕಬ್ಬಿಣ ತಾಗುವಾಗ ಅದು ಸೋದರಮಾವನ ತೊಡೆಯ ಮೇಲೆಯೇ ಕೂತಿರಬೇಕು.

ಆ ವರ್ಷ ಪಕ್ಕದ ಕೇರಿಯಲ್ಲಿ ದಡಾರ ಎದ್ದು ಒಂದು ಕೂಸು ತೀರಿಹೋಗಿತ್ತು. ನರ್ಸಬಾಯಿ ಶಾಲಿನಿಯವರ ಹಿಂದೆ ಲಸಿಕೆಯ ಪೆಟ್ಟಿಗೆ ಹೊತ್ತು ಹೊರಟವನು ನಾನೇ. ದಾರಿಯಲ್ಲಿ ಹುಲಿಯೊಂದು ಎದುರಾಯಿತು. ನನ್ನ ಮುಖ ನೋಡಿ ತಾನೇ ಪಕ್ಕಕ್ಕೆ ಸರಿಯಿತು. ಬೆಳ್ಳಜ್ಜಿ ಸರಿಯಲಿಲ್ಲ.

ಕೇರಿಗೆಲ್ಲ ಹಿರಿಯಳು ಬೆಳ್ಳಜ್ಜಿ. ಅವಳು ಒಪ್ಪದೆ ಬೇರೆ ಯಾರೂ ಕೂಸನ್ನು ಹೊರಗೆ ತರುವವರಲ್ಲ. ಅವಳ ಸೊಸೆ ದೇವಕಿಯ ಮಡಿಲಲ್ಲೂ ಒಂದು ಕೂಸಿತ್ತು. ದೇವಕಿಗೆ ಅಪ್ಪ ಅಮ್ಮ ಇಲ್ಲ, ಒಡಹುಟ್ಟಿದವರೂ ಇಲ್ಲ.

“ಪೆಟ್ಟಿಗೇಲಿ ಸೂಜಿ ತಂದೀಯ, ಸೋದರಮಾವನ್ನೂ ತಂದೀಯೇನೋ ತಮ್ಮಾ?” ಎಂದಳು ಬೆಳ್ಳಜ್ಜಿ.

“ನಾನೇ ಕೂರ್ತೇನಜ್ಜಿ! ನನ್ನ ಅಕ್ಕತಂಗಿಯರ ಮಕ್ಕಳೇ ಒಂದು ಊರಷ್ಟಿದ್ದಾರೆ.”

“ನಾಳೆ ಇವಳನ್ನ ನನ್ನ ಮಗ ಬಡಿದ್ರೆ ಇವಳು ನಿನ್ನ ಮನೇಗೇ ಬರೋದು. ಬಾಣಂತನ ನಿನ್ನ ಹೆಂಡ್ತೀನೇ ಮಾಡ್ಬೇಕು. ಆಗ್ತದಾ?”

ಹುಲಿಯೇ ಹೆದರಿದ್ದ ನನ್ನ ಮುಖ ನೆಲ ನೋಡಿತು.

ಅಜ್ಜಿಯ ದನಿ ಇಳಿಯಿತು. “ನನ್ನ ಚೊಚ್ಚಲು ಹುಡುಗಿಗೆ ಮಾವನಿಲ್ದೆ ಕಿವಿ ಚುಚ್ಚಿಸಿದ್ದೆ. ವಾರ ಉಳೀಲಿಲ್ಲ. ಇದನ್ನೂ ಕಳ್ಕೊಳ್ಳಲಾ?”

ಸ್ವಾಮಿಗಳ ಮಾತನ್ನಾದರೂ ಅಜ್ಜಿ ಕೇಳಿಯಾಳೆಂದು ನಾನೂ ನರ್ಸಬಾಯಿಯೂ ಅವರ ಗುಡಿಸಲಿಗೆ ಹೋಗಿ ನಡೆದದ್ದನ್ನು ಅರಿಕೆ ಮಾಡಿಕೊಂಡೆವು. ಸ್ವಾಮಿಗಳು ಚಾಪೆ ಬಿಟ್ಟು ಎದ್ದರು. ನೇರವಾಗಿ ಬೆಳ್ಳಜ್ಜಿಯ ಅಂಗಳಕ್ಕೆ ಬಂದು, ನೆಲದ ಮೇಲೆ ಪದ್ಮಾಸನ ಹಾಕಿ ದೇವಕಿಯತ್ತ ಕೈ ಚಾಚಿದರು.

“ತಂಗೀ, ಕೂಸನ್ನು ಕೊಡು.”

ದೇವಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಬೆಳ್ಳಜ್ಜಿ ಮಾತ್ರ, “ಸ್ವಾಮ್ಯಾರೇ, ಅಣ್ಣ ಆಗೋದು ಒಂದು ದಿನದ್ದಲ್ಲ” ಎಂದಳು.

“ಬಲ್ಲೆನಮ್ಮ. ಇನ್ನು ನನ್ನ ಗುಡಿಸಲೇ ಇವಳ ತವರು. ಎಲ್ಲ ಬಿಟ್ಟವನ ಕೈ ಖಾಲಿಯಿದೆ, ಇದೊಂದನ್ನು ಹಿಡಿದುಕೊಳ್ಳುತ್ತೇನೆ.”

ಅಜ್ಜಿ ಕೂಸನ್ನು ತಾನೇ ಎತ್ತಿ ಆ ತೊಡೆಯ ಮೇಲಿಟ್ಟಳು. ನರ್ಸಬಾಯಿ ಚುಚ್ಚಿದರು. ಸ್ವಾಮಿಗಳ ಸನ್ನಿಧಿಯ ಮಹಿಮೆಯೆಂದರೆ ಮಹಿಮೆ, ಕೂಸು ಕಿಮಕ್ಕೆನ್ನಲಿಲ್ಲ!

ವಾರ ಕಳೆದ ಮೇಲೆ ಜ್ವರ ಬಂದೀತೆಂದು ನರ್ಸಬಾಯಿ ಮೊದಲೇ ಹೇಳಿದ್ದರು. ಹಾಗೆಯೇ ಮೈ ಬೆಚ್ಚಗಾಯಿತು. ಬೆಳ್ಳಜ್ಜಿ ಅನ್ನ ನೀರು ಬಿಟ್ಟಳು. ಸ್ವಾಮಿಗಳು ಬಂದು ಜಗಲಿಯ ಮೇಲೆ ಕೂತರು. ಜ್ವರ ಬಿಡುವವರೆಗೆ ಕೂಸನ್ನು ತೊಡೆಯಿಂದ ಇಳಿಸಲಿಲ್ಲ. ಕೂಸು ಕಣ್ಣು ಬಿಟ್ಟು ನಕ್ಕಾಗ ಅಜ್ಜಿ ಬೀದಿಗಿಳಿದು ಕೂಗಿದಳು:

“ಯಾರ ಕೂಸಿಗೆ ಸೋದರಮಾವ ಇಲ್ವೋ ಹೇಳ್ರೇ, ನಮ್ಮನೆ ನೆಂಟ್ರು ಇಲ್ಲೇ ಕೂತಿದಾರೆ!”

ಸುಣ್ಣ ಬಳಿಯುವ ಬ್ರಶ್ಶನ್ನೂ ಬಿಡದೆ ಹಿಡಿದುಕೊಂಡೇ ಓಡಿ ಬಂದ ತಾಯಂದಿರಿದ್ದರು. ದಡಾರ ಆ ಕೇರಿಯ ಒಳಗೆ ಕಾಲಿಡಲಿಲ್ಲ. ಮುಂದಿನ ನಾಗರ ಪಂಚಮಿಗೆ ಬೆಳ್ಳಜ್ಜಿ ಸೊಸೆಯ ತಲೆ ಬಾಚಿ, ಹೂ ಮುಡಿಸಿ, ಎಳ್ಳುಂಡೆ ಕಟ್ಟಿಕೊಟ್ಟು ತವರಿಗೆ ಕಳಿಸಿದಳು.

ಒಂದು ಸಣ್ಣ ವಿಷಯ ಮಾತ್ರ ನಾನು ಸೇರಿಸಿದ್ದು. ಕೂಸು ಅಳಲಿಲ್ಲ ಎಂದೆನಲ್ಲ, ಅದು. ಕೇರಿಯ ಕೋಳಿಗಳೆಲ್ಲ ಮಾಡು ಹತ್ತುವ ಹಾಗೆ ಅತ್ತಿತು. ಏನು ಮಾಡಬೇಕೆಂದು ತೋಚದೆ ಸ್ವಾಮಿಗಳು ಬೆಳ್ಳಜ್ಜಿಯ ಮುಖ ನೋಡಿದರು.

“ಹಂಗಲ್ಲ ಮಾವಯ್ಯಾ, ಹೆಗಲಿಗೆ ಹಾಕ್ಕೊಳ್ಳಿ” ಎಂದಳು ಅವಳು. “ಹೂಂ, ಹಿಂಗೆ. ಈಗ ಬೆನ್ನು ತಟ್ಟಿ.”